ಹಳದಿ ದೀಪದ ಮೂಲ

ಜ್ವರವು ರೋಗವಲ್ಲ, ರೋಗದ ಸೂಚನೆ ಎಂದು ವೈದ್ಯರು ಹೇಳುವುದುಂಟು. ಇಂದಿನ ಕಾರುಗಳಲ್ಲಿ ಚಾಲಕನ ಕಣ್ಣೆದುರು ಬೆಳಗುವ, ಎಂಜಿನ್ನಿನ ಆಕಾರದ ಪುಟ್ಟ ಹಳದಿ ದೀಪವೂ ಅಂಥದೇ. ಕೀಲಿ ತಿರುಗಿಸಿದೊಡನೆ ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಿಹೋಗುವುದು ಅದರ ಸಹಜಸ್ಥಿತಿ. ಕಾರು ಓಡುತ್ತಿರುವಾಗ ಹೊತ್ತಿಕೊಂಡು ಹಾಗೆಯೇ ನಿಂತರೆ ಬೇಗನೆ ಪರೀಕ್ಷೆ ಮಾಡಿಸಬೇಕು. ಮಿನುಗತೊಡಗಿದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿದು, ವೇಗ ತಗ್ಗಿಸಿ ಕಾರನ್ನು ಬದಿಗೆ ನಿಲ್ಲಿಸುವುದು ಕ್ಷೇಮ.

ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರೆ ಅದರ ಕಷ್ಟಸುಖಗಳು ಬಹುಮಟ್ಟಿಗೆ ಕಣ್ಣಿಗೇ ಕಾಣುತ್ತಿದ್ದವು. ಈಗ ಎಂಜಿನ್ನಿನ ಆಡಳಿತವೆಲ್ಲ ಒಂದು ಪುಟ್ಟ ಕಂಪ್ಯೂಟರಿನ ಕೈಯಲ್ಲಿದೆ. ಶಾಖ, ಗಾಳಿ, ವೇಗ ಮೊದಲಾದವುಗಳ ವರದಿಯನ್ನು ಸೆನ್ಸರುಗಳೆಂಬ ದೂತರು ತಂತಿಗಳ ಮೂಲಕ ಅದಕ್ಕೆ ಕಳುಹಿಸುತ್ತಿರುತ್ತಾರೆ. ವರದಿ ತಪ್ಪಿತೆಂದರೆ ಕಂಪ್ಯೂಟರು ಹಳದಿ ದೀಪವನ್ನು ಬೆಳಗಿಸಿ, ದೋಷದ ಸಂಕೇತವೊಂದನ್ನು ತನ್ನ ನೆನಪಿನಲ್ಲಿ ಬರೆದುಕೊಳ್ಳುತ್ತದೆ. ಹೊಗೆಯ ಮಾಲಿನ್ಯವನ್ನು ತಡೆಯುವ ಭಾರತ್ ಸ್ಟೇಜ್ 4 ನಿಯಮಗಳೊಡನೆ ನಮ್ಮ ದೇಶದಲ್ಲಿ 2010ರಿಂದಲೂ, ಇನ್ನಷ್ಟು ವಿಸ್ತಾರವಾಗಿ 2013ರಿಂದಲೂ ಈ ಸ್ವಯಂಪರೀಕ್ಷೆಯ ಏರ್ಪಾಡು ಕಡ್ಡಾಯವಾಯಿತು.

ಮಳವಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುವ ಯುವಕನೊಬ್ಬನಿಗೆ ಈ ದೀಪವು ಮೂರು ತಿಂಗಳ ಕಾಲ ನಿದ್ದೆಗೆಡಿಸಿತ್ತು. ವಾರಕ್ಕೆ ಎರಡು ದಿನ ಆತ ಮದ್ದೂರಿನ ಸಮೀಪದ ಹಳ್ಳಿಯಿಂದ ವೃದ್ಧೆಯೊಬ್ಬರನ್ನು ಡಯಾಲಿಸಿಸ್ ಚಿಕಿತ್ಸೆಗಾಗಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ಭಾರತೀನಗರವನ್ನು ದಾಟಿ, ಕಬ್ಬಿನ ಲಾರಿಗಳು ಜಜ್ಜಿದ ರಸ್ತೆಯಲ್ಲಿ ಸಾಗುವಾಗ ದೀಪ ಹೊತ್ತುವುದು, ಎಂಜಿನ್ ಮುಗ್ಗರಿಸಿ ನಿಂತುಬಿಡುವುದು. ಹತ್ತು ನಿಮಿಷ ಕಾದರೆ ಏನೂ ಆಗದಂತೆ ಮತ್ತೆ ಚಾಲೂ ಆಗುವುದು! ರೋಗಿಯು ಹಿಂದಿನ ಆಸನದಲ್ಲಿರುವಾಗ ಆ ಹತ್ತು ನಿಮಿಷಗಳು ಎಷ್ಟು ದೀರ್ಘವೆಂಬುದನ್ನು ಓದುಗರು ಊಹಿಸಬಹುದು.

ಒಂದು ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಜೋಡಿಸಿ ನೋಡಿದಾಗ ಪಿ 0335 ಎಂಬ ಸಂಕೇತ ಬಂದಿತು. ಕ್ರ್ಯಾಂಕ್ ಶಾಫ್ಟ್ ಯಾವ ಕ್ಷಣದಲ್ಲಿ ಯಾವ ಸ್ಥಾನದಲ್ಲಿದೆಯೆಂದು ತಿಳಿಸುವ ಸೆನ್ಸರಿನ ವಿದ್ಯುನ್ಮಾರ್ಗದಲ್ಲಿ ತೊಂದರೆಯಿದೆಯೆಂದು ಅದರ ಅರ್ಥ. ಆ ವರದಿಯಿಲ್ಲದೆ ಕಿಡಿ ಹಾರಿಸುವ ಹೊತ್ತು ಕಂಪ್ಯೂಟರಿಗೆ ತಿಳಿಯದು. ಸೆನ್ಸರ್ ಬದಲಾಯಿತು, ಸಂಕೇತವನ್ನು ಅಳಿಸಿದರು, ಎಂಟು ದಿನಗಳಲ್ಲಿ ದೀಪ ಮತ್ತೆ ಹೊತ್ತಿತು. ಇನ್ನೊಂದು ಕಡೆ ಇನ್ನೊಂದು ಹೊಸ ಸೆನ್ಸರನ್ನು ಹಾಕಿಸಿದ್ದಾಯಿತು, ಸಾಲ ಮಾಡಿದ ಹಣದಿಂದ. ಇಲ್ಲಿ ಸಂಕೇತವು ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು 'ಮಾರ್ಗ' ಎಂದು. ಓದಿದವರು ಅದನ್ನು 'ಸೆನ್ಸರ್' ಎಂದು ಓದಿಕೊಂಡರು.

ಕೊನೆಗೆ ಆತ ಮಂಡ್ಯದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಹೋದ. ಅವರು ಉಪಕರಣಕ್ಕೆ ಕೈಹಾಕುವ ಮೊದಲು ಕಾಲು ಗಂಟೆ ಬರಿಯ ಪ್ರಶ್ನೆಗಳನ್ನೇ ಕೇಳಿದರು. ಬೆಳಗಿನ ತಂಪಿನಲ್ಲಿ ನಿಂತದ್ದುಂಟೆ? ಇಲ್ಲ. ನುಣ್ಣನೆಯ ಹೆದ್ದಾರಿಯಲ್ಲಿ? ಒಮ್ಮೆಯೂ ಇಲ್ಲ. ಈ ಬಾರಿ ಸಂಕೇತವನ್ನು ಯಾರೂ ಅಳಿಸದೆ ಇದ್ದುದರಿಂದ, ದೀಪ ಹೊತ್ತಿದ ಕ್ಷಣದ ವಿವರಗಳೂ ಕಂಪ್ಯೂಟರಿನಲ್ಲಿ ಉಳಿದಿದ್ದವು: ಎಂಜಿನ್ನಿನ ನೀರಿನ ಶಾಖ 96 ಡಿಗ್ರಿ, ಕಾರಿನ ವೇಗ 38 ಕಿಲೋಮೀಟರ್. "ಸೆನ್ಸರ್ ಚೆನ್ನಾಗೈತೆ ಕಣಪ್ಪಾ. ಅದು ಹೇಳಿದ ಮಾತು ದಾರೀಲಿ ಕಳೆದೋಗ್ತಾ ಐತೆ" ಎಂದರು. "ಹಂಗಾದ್ರೆ ಎರಡು ಸೆನ್ಸರ್ ದುಡ್ಡು ನೀರಿಗೆ ಹೋಯ್ತೇನಣ್ಣ?" ಎಂದು ಆತ ಕೇಳಿದಾಗ ಅವರು ಉತ್ತರ ಕೊಡಲಿಲ್ಲ.

ತಣ್ಣಗಿದ್ದ ಎಂಜಿನ್ನಿನಲ್ಲಿ ತಂತಿಗಳ ರೋಧವನ್ನು ಅಳೆದರೆ ಎಲ್ಲವೂ ಸರಿಯಾಗಿಯೇ ಇದ್ದವು. ಇದರಲ್ಲಿ ಸೋಜಿಗವೇನೂ ಇಲ್ಲ. ರೋಧವನ್ನು ಅಳೆಯುವಾಗ ಮಲ್ಟಿಮೀಟರು ಹರಿಸುವ ವಿದ್ಯುತ್ತು ಬಹಳ ಅಲ್ಪ. ಹತ್ತು ಎಳೆಗಳಲ್ಲಿ ಒಂದೇ ಎಳೆ ಅಂಟಿಕೊಂಡಿದ್ದರೂ ಅದು ದಾಟಿಹೋಗುತ್ತದೆ. ಆದ್ದರಿಂದ ಅವರು ಎಂಜಿನ್ನನ್ನು ಚಾಲೂ ಮಾಡಿ, ರೇಡಿಯೇಟರಿನ ಫ್ಯಾನು ತಿರುಗುವವರೆಗೆ ಕಾಯಿಸಿದರು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಸೆನ್ಸರಿನ ಅರ್ತ್ ತಂತಿಯ ತುದಿಗೂ ಹಿಡಿದರು. ಅರ್ತ್ ತಂತಿ ಆರೋಗ್ಯವಾಗಿದ್ದರೆ ಇವೆರಡರ ನಡುವಿನ ವ್ಯತ್ಯಾಸ 0.1 ವೋಲ್ಟಿನ ಒಳಗೇ ಇರಬೇಕು. ಮೊದಲು 0.02 ತೋರಿಸಿತು. ತಂತಿಗಳ ಕಟ್ಟನ್ನು ಮೆಲ್ಲನೆ ಅಲುಗಿಸಿದೊಡನೆ ಅಂಕಿ 1 ವೋಲ್ಟನ್ನು ದಾಟಿ ನೆಗೆಯಿತು, ಎಂಜಿನ್ ಕೆಮ್ಮಿತು, ಹಳದಿ ದೀಪ ಹೊತ್ತಿತು. ಮೂರು ತಿಂಗಳು ಕಣ್ಣಾಮುಚ್ಚಾಲೆಯಾಡಿದ ದೋಷವು ಮೊದಲ ಬಾರಿಗೆ ಕರೆದಾಗ ಬಂದಿತ್ತು.

ಆದರೆ ಕಟ್ಟಿನ ಒಂದು ಕಡೆ ಅಲುಗಿಸಿದರೆ ಎಲ್ಲ ಕಡೆಯೂ ಅಲುಗುತ್ತದೆ. ಸ್ಥಳವನ್ನು ಗೊತ್ತುಮಾಡಲು ಅವರು ಮಾರ್ಗವನ್ನು ಅರ್ಧಿಸಿದರು. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ಉದ್ದದ ವಿದ್ಯುತ್ ಮಾರ್ಗವನ್ನು ಎಳೆದಿದ್ದರು. ಅಂಥ ದೂರದ ಲೈನಿನಲ್ಲಿ ದೋಷ ಬಂದರೂ ಭಾಗಭಾಗವಾಗಿ ಬೇರ್ಪಡಿಸಿ ನೋಡುವುದೇ ದಾರಿ. ಕಾರಿನಲ್ಲಿ ಅದೇ ಕೆಲಸ ಎರಡು ಮಾರಿನೊಳಗೆ ನಡೆಯುತ್ತದೆ. ತಂತಿಗೆ ಸೂಜಿ ಚುಚ್ಚಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಆ ರಂಧ್ರದಿಂದ ನೀರಿಳಿದು ಇನ್ನೊಂದು ದೋಷ ಹುಟ್ಟುತ್ತದೆ. ನಡುವೆ ಇದ್ದ ಕನೆಕ್ಟರಿನ ಹಿಂಬದಿಯಿಂದಲೇ ಅಳೆದರು. ಅಲ್ಲಿಂದ ಕಂಪ್ಯೂಟರಿನವರೆಗೆ ತಂತಿ ನಿರ್ದೋಷ. ಸೆನ್ಸರಿನ ಕಡೆಯ ಮೊಳದುದ್ದವಷ್ಟೇ ಉಳಿಯಿತು.

ಆ ಭಾಗದ ಪ್ಲಾಸ್ಟಿಕ್ ಕವಚವನ್ನು ಬಿಡಿಸಿದಾಗ ಒಳಗೆ ಕಪ್ಪು ಟೇಪು ಸುತ್ತಿದ ಗಂಟೊಂದು ಕಂಡಿತು. ಆಗ ಯುವಕನಿಗೆ ನೆನಪಾಯಿತು: ಎರಡು ವರ್ಷಗಳ ಹಿಂದೆ, ಕಬ್ಬು ಕಡಿಯುವ ಕಾಲದಲ್ಲಿ, ಗದ್ದೆಯ ಬದಿಯಲ್ಲಿ ರಾತ್ರಿ ನಿಲ್ಲಿಸಿದ್ದ ಕಾರಿನೊಳಗೆ ಇಲಿ ಸೇರಿ ತಂತಿ ಕಡಿದಿತ್ತು. ಯಾರೋ ತುದಿಗಳನ್ನು ಹೊಸೆದು ಟೇಪು ಸುತ್ತಿಕೊಟ್ಟಿದ್ದರು. ಎರಡು ಮಳೆಗಾಲಗಳ ತೇವಕ್ಕೆ ತಾಮ್ರವು ಹಸಿರು ಕಿಲುಬು ಹಿಡಿದಿತ್ತು. ತಣ್ಣಗಿರುವಾಗ ತಾಗಿಕೊಂಡಿರುತ್ತಿದ್ದ ಎಳೆಗಳು ಎಂಜಿನ್ನಿನ ಶಾಖಕ್ಕೂ ರಸ್ತೆಯ ಕುಲುಕಾಟಕ್ಕೂ ಸಡಿಲವಾಗುತ್ತಿದ್ದವು.

ಹೊಳೆಯುವ ತಾಮ್ರ ಸಿಗುವವರೆಗೆ ಎರಡೂ ಕಡೆ ಕತ್ತರಿಸಿ, ಅದೇ ದಪ್ಪದ ಹೊಸ ತುಂಡನ್ನು ಬೆಸೆದು, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಕಟ್ಟನ್ನು ಎಂಜಿನ್ನಿನ ಕಾವಿನಿಂದ ದೂರಕ್ಕೆ ಬಿಗಿದರು. ಆ ಬಳಿಕವೇ ಸಂಕೇತವನ್ನು ಅಳಿಸಿದ್ದು. ಸ್ಕ್ಯಾನರನ್ನು ಜೋಡಿಸಿಕೊಂಡೇ ಇಬ್ಬರೂ ಮದ್ದೂರಿನ ಮೇಲೆ ಭಾರತೀನಗರದ ಆಚೆಯವರೆಗೆ, ಅದೇ ಹೊಂಡಗಳ ಮೇಲೆ, ಉರಿಬಿಸಿಲಿನಲ್ಲಿ ಹೋಗಿ ಬಂದರು. ಎಂಜಿನ್ ಎಲ್ಲಿಯೂ ಮುಗ್ಗರಿಸಲಿಲ್ಲ. ಮರುದಿನ ವೃದ್ಧೆಯ ಚಿಕಿತ್ಸೆಯ ಸರದಿ. ಅವರು ಸಮಯಕ್ಕೆ ಸರಿಯಾಗಿ ಆಸ್ಪತ್ರೆಯನ್ನು ತಲಪಿದರು.