ಹೆಲಿಕಾಪ್ಟರ್ ಇಳಿಯುವ ನೆಲ: ಅಪಾಯ ಮತ್ತು ಎಚ್ಚರ

ವಿಮಾನ ಇಳಿಯಲು ಉದ್ದನೆಯ ಓಡುದಾರಿ ಬೇಕು. ಹೆಲಿಕಾಪ್ಟರಿಗೆ ಒಂದು ಬಯಲು ಸಾಕು. ಆದುದರಿಂದಲೇ ಚುನಾವಣೆ, ಸಮಾವೇಶಗಳ ಕಾಲದಲ್ಲಿ ತಾಲ್ಲೂಕು ಕೇಂದ್ರಗಳ ಶಾಲಾ ಮೈದಾನಗಳು ತಾತ್ಕಾಲಿಕ ಹೆಲಿಪ್ಯಾಡುಗಳಾಗುವುದುಂಟು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂತಹ ಊರುಗಳಲ್ಲಿ ಅದರ ಸದ್ದು ಕೇಳಿದೊಡನೆ ಮಕ್ಕಳು ಬಯಲಿಗೆ ಧಾವಿಸುವುದು ಸಹಜ. ಆದರೆ ಎಲ್ಲಿ ಬೇಕಾದರೂ ಇಳಿಯಬಲ್ಲೆನೆಂಬ ಗುಣವೇ ಈ ಯಂತ್ರದ ಅಪಾಯಕ್ಕೂ ಮೂಲವಾಗಿದೆ. ವಿಮಾನ ನಿಲ್ದಾಣದ ನೆಲವನ್ನು ನಿತ್ಯ ಪರೀಕ್ಷಿಸುವವರಿರುತ್ತಾರೆ. ಶಾಲೆಯ ಬಯಲು ಒಂದು ದಿನದ ಮಟ್ಟಿಗೆ ಮಾತ್ರ ನಿಲ್ದಾಣವಾಗುತ್ತದೆ.

ಇಳಿಯುವ ಬಗೆ

ಹೆಲಿಕಾಪ್ಟರಿನ ತಿರುಗುವ ರೆಕ್ಕೆಗಳು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ ಅದು ಮೇಲೆ ನಿಲ್ಲುತ್ತದೆ. ಮುಂದಕ್ಕೆ ಚಲಿಸದೆ ವೇಗವಾಗಿ ನೆಟ್ಟಗೆ ಇಳಿದರೆ, ತಾನು ತಳ್ಳಿದ ಗಾಳಿಯ ಸುಳಿಯಲ್ಲಿ ತಾನೇ ಸಿಲುಕಬಹುದು. ಆಗ ಇಂಜಿನ್ನಿನ ಬಲ ಹೆಚ್ಚಿಸಿದರೂ ಕುಸಿತ ನಿಲ್ಲದು. ಇದನ್ನು ತಪ್ಪಿಸಲೆಂದೇ ಚಾಲಕನು ಸಾಧ್ಯವಾದಷ್ಟು ಗಾಳಿಗೆ ಮುಖಮಾಡಿ ಓರೆಯಾಗಿ ಇಳಿಯುತ್ತಾನೆ. ಹೀಗೆ ಇಳಿಯಬೇಕಾದರೆ ಮೈದಾನದ ನಡುಭಾಗ ಸ್ವಚ್ಛವಾಗಿದ್ದರೆ ಸಾಲದು. ಅದರ ಅಂಚಿನಲ್ಲಿಯೂ ಎತ್ತರದ ಮರ, ಕಂಬ, ತಂತಿಗಳಿರಕೂಡದು. ವಿದ್ಯುತ್ ತಂತಿಯು ಮೇಲಿನಿಂದ ಸುಲಭವಾಗಿ ಕಾಣುವುದಿಲ್ಲ. 2017ರ ಮೇ 25ರಂದು ಮಹಾರಾಷ್ಟ್ರದ ನಿಲಂಗಾದಲ್ಲಿ ಅಂದಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರಿದ್ದ ಹೆಲಿಕಾಪ್ಟರು ಮೇಲೇರುವಾಗ ತಂತಿಗೆ ಸಿಲುಕಿ ನೆಲಕ್ಕುರುಳಿತು. ಅದೃಷ್ಟವಶಾತ್ ಎಲ್ಲರೂ ಪಾರಾದರು.

ಧೂಳು ಮತ್ತು ಕಸ

ಹುಣಸೂರು, ಪಿರಿಯಾಪಟ್ಟಣಗಳ ಕೆಂಪುಮಣ್ಣಿನ ಬಯಲುಗಳು ಬೇಸಗೆಯಲ್ಲಿ ಒಣಗಿ ಧೂಳಾಗಿರುತ್ತವೆ. ರೆಕ್ಕೆಗಳ ಗಾಳಿಗೆ ಈ ಧೂಳು ಮೋಡದಂತೆ ಎದ್ದರೆ, ನೆಲಕ್ಕೆ ಕೆಲವೇ ಅಡಿ ಇರುವಾಗ ಚಾಲಕನಿಗೆ ನೆಲವೇ ಕಾಣದಾಗುತ್ತದೆ. 2002ರ ಮಾರ್ಚ್ 3ರಂದು ಲೋಕಸಭಾಧ್ಯಕ್ಷ ಜಿ.ಎಂ.ಸಿ. ಬಾಲಯೋಗಿಯವರು ಆಂಧ್ರದ ಕೈಕಲೂರಿನ ಬಳಿ ಹೆಲಿಕಾಪ್ಟರು ಮೀನಿನ ಕೊಳಕ್ಕೆ ಬಿದ್ದು ಮೃತರಾದರು. ಅಲ್ಲಿ ಕಾರಣ ಧೂಳಲ್ಲದಿದ್ದರೂ, ಮಸುಕಿನಲ್ಲಿ ನೆಲವನ್ನು ಗುರುತಿಸಲಾಗದಿದ್ದರೆ ಒದಗುವ ವಿಪತ್ತಿಗೆ ಅದು ನಿದರ್ಶನ.

ಹಾರುವ ಪ್ಲಾಸ್ಟಿಕ್ ಹಾಳೆ, ಗೋಣಿಚೀಲಗಳು ರೆಕ್ಕೆಗೆ ಸುತ್ತಿಕೊಳ್ಳಬಹುದು, ಇಂಜಿನ್ನಿಗೆ ಸೇರಬಹುದು. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಹೆಲಿಕಾಪ್ಟರು ಇಳಿಯುವಾಗ ಇಂತಹ ಕಸವೇ ಮೇಲೆದ್ದಿತು. ಚಾಲಕನು ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರಿದನು. ನೆಲವನ್ನು ಸ್ವಚ್ಛಗೊಳಿಸಿದ ಮೇಲೆಯೇ ಇಳಿಸಿದನು. ಚಾಲಕನ ಈ ವಿವೇಕವು ಶ್ಲಾಘನೀಯ. ಆದರೆ ಅದರ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು ನೆಲದ ಮೇಲಿರುವವರ ಹೊಣೆ.

ಇಳಿಜಾರು ನೆಲದ ಅಪಾಯವೂ ಕಡಿಮೆಯದಲ್ಲ. ಯಂತ್ರದ ಒಂದು ಕಾಲು ಕಲ್ಲಿಗೋ ಗುಂಡಿಗೋ ಸಿಕ್ಕಿಕೊಂಡರೆ, ಆ ಕಾಲಿನ ಸುತ್ತಲೇ ಅದು ಮಗ್ಗುಲಾಗಿ ಉರುಳುವುದು. 2024ರ ಮೇ 3ರಂದು ಮಹಾರಾಷ್ಟ್ರದ ಮಹಾಡದಲ್ಲಿ ಇಳಿಯುತ್ತಿದ್ದ ಹೆಲಿಕಾಪ್ಟರೊಂದು ಮಗುಚಿತು, ಜೀವಹಾನಿಯಾಗಲಿಲ್ಲ.

ಶಾಲೆಯ ಹೊಣೆ

ಮೈದಾನದ ಕಲ್ಲು, ಕಸ, ಸಡಿಲವಾದ ತಗಡು, ಶಾಮಿಯಾನಗಳನ್ನು ಮೊದಲೇ ತೆಗೆಸಬೇಕು. ನೀರು ಚಿಮುಕಿಸಿ ಧೂಳನ್ನು ಅಡಗಿಸಬೇಕು. ತಂತಿ, ಕಂಬಗಳಿರುವ ಕಡೆಯನ್ನು ಅಧಿಕಾರಿಗಳಿಗೆ ತಿಳಿಸಬೇಕು. ಮಕ್ಕಳನ್ನು ಹಗ್ಗದ ಆಚೆ, ದೂರದಲ್ಲಿ ನಿಲ್ಲಿಸಬೇಕು. ರೆಕ್ಕೆಗಳು ಪೂರ್ಣವಾಗಿ ನಿಲ್ಲುವತನಕ ಹಾರ ತುರಾಯಿಗಳೊಡನೆ ಯಾರೂ ಮುನ್ನುಗ್ಗಲಾಗದು. ವೇಗವಾಗಿ ತಿರುಗುವ ಬಾಲದ ರೆಕ್ಕೆ ಕಣ್ಣಿಗೆ ಕಾಣದಂತಿರುವುದರಿಂದ ಹಿಂಬದಿಗೆ ಹೋಗುವುದು ಮೃತ್ಯುವಿಗೆ ಎದುರಾದಂತೆ.

ಚಾಲಕನು ಎಷ್ಟೇ ನಿಪುಣನಾಗಿದ್ದರೂ ನೆಲವನ್ನು ಸಿದ್ಧಪಡಿಸುವವನು ಅವನಲ್ಲ. ಅತಿಥಿಯನ್ನು ಸ್ವಾಗತಿಸುವ ಉತ್ಸಾಹಕ್ಕಿಂತ ಮಕ್ಕಳ ಕ್ಷೇಮ ದೊಡ್ಡದೆಂಬುದನ್ನು ಅರಿತ ಗುರುವೃಂದ ಇರುವ ಶಾಲೆಯ ಮೈದಾನವೇ ನಿಜವಾಗಿ ಸುರಕ್ಷಿತ.