ಒಂದು ಪದ, ಎರಡು ಲೆಕ್ಕ

ಪದದ ಅರ್ಥವನ್ನು ಅರಿತರೆ ಸಾಲದು. ಅದು ನಿಂತ ನೆಲವನ್ನೂ ಅರಿಯಬೇಕು. ಮಾನ್ವಿಯ ಸೀಮೆಯಲ್ಲಿ, ತುಂಗಭದ್ರೆಯ ದಡದಲ್ಲಿರುವ ಚೀಕಲಪರ್ವಿ ವಿಜಯದಾಸರ ಊರು. ಅಲ್ಲಿಯ ಭಜನೆಯಲ್ಲಿ ‘ವರಾಹ’ವೆಂದರೆ ವಿಷ್ಣುವಿನ ಅವತಾರ, ಶಾಲೆಯ ಚರಿತ್ರೆಯ ಪಾಠದಲ್ಲಿ ಅದೇ ಪದ ವಿಜಯನಗರದ ಚಿನ್ನದ ನಾಣ್ಯ. ಎರಡೂ ಸರಿಯೇ. ಸಂದರ್ಭವನ್ನು ಮರೆತಾಗ ಮಾತ್ರ ಅನರ್ಥ.

ಇಂಗ್ಲಿಷಿನ ‘ಡಬಲ್ ಈಗಲ್’ ಎಂಬ ಪದವೂ ಇಂತಹದೇ. ‘ಈಗಲ್’ ಎಂದರೆ ಗರುಡ ಜಾತಿಯ ಪಕ್ಷಿ. ಅಮೆರಿಕದಲ್ಲಿ 1792ರ ಟಂಕಸಾಲೆಯ ಕಾನೂನು ಹತ್ತು ಡಾಲರಿನ ಚಿನ್ನದ ನಾಣ್ಯಕ್ಕೆ ಈ ಹೆಸರನ್ನಿಟ್ಟಿತು. 1850ರಿಂದ ಇಪ್ಪತ್ತು ಡಾಲರಿನ ನಾಣ್ಯ ಚಲಾವಣೆಗೆ ಬಂದಾಗ ಅದು ‘ಡಬಲ್ ಈಗಲ್’ ಎನಿಸಿತು. ಬೆಲೆ ಇಮ್ಮಡಿ, ತೂಕವೂ ಇಮ್ಮಡಿ: ಸುಮಾರು 33.4 ಗ್ರಾಂ. 1933ರಲ್ಲಿ ಇದರ ಟಂಕನ ನಿಂತಿತು. ಆ ವರ್ಷದ ನಾಣ್ಯಗಳು ಬಹುಪಾಲು ಕರಗಿಹೋದವು. ಉಳಿದವುಗಳಲ್ಲಿ ಒಂದು 2021ರ ಹರಾಜಿನಲ್ಲಿ ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಮಾರಾಟವಾಯಿತು.

ಇನ್ನು ಗಾಲ್ಫ್ ಆಟ. ಈ ಆಟ ನಮ್ಮ ನಾಡಿಗೂ ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪನೆಯಾಯಿತು. ಚೆಂಡನ್ನು ಪ್ರತಿಯೊಂದು ಕುಳಿಗೆ ಸೇರಿಸಲು ಇಷ್ಟು ಹೊಡೆತಗಳೆಂದು ನಿಗದಿಯುಂಟು. ಅದಕ್ಕೆ ‘ಪಾರ್’ ಎಂದು ಹೆಸರು. ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ‘ಬರ್ಡಿ’, ಎರಡು ಕಡಿಮೆಯಾದರೆ ‘ಈಗಲ್’. ಹಾಗಾದರೆ ‘ಡಬಲ್ ಈಗಲ್’ ನಾಲ್ಕು ಕಡಿಮೆಯಿರಬೇಕಲ್ಲವೆ? ಅಲ್ಲ, ಮೂರೇ. 1935ರಲ್ಲಿ ಅಮೆರಿಕದ ಆಗಸ್ಟಾದ ಮಾಸ್ಟರ್ಸ್ ಪಂದ್ಯದಲ್ಲಿ ಜೀನ್ ಸಾರಜೆನ್ ಐದು ಹೊಡೆತಗಳ ಹದಿನೈದನೆಯ ಕುಳಿಯನ್ನು ಎರಡೇ ಹೊಡೆತಗಳಲ್ಲಿ ಮುಗಿಸಿದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಮೆರಿಕದ ಹೊರಗೆ ಇದಕ್ಕೆ ‘ಆಲ್ಬಟ್ರಾಸ್’ ಎಂಬ ಹೆಸರೇ ಹೆಚ್ಚು ರೂಢಿ. ನಾಣ್ಯದಲ್ಲಿ ‘ಡಬಲ್’ ಎಂಬುದು ಗಣಿತ. ಗಾಲ್ಫಿನಲ್ಲಿ ಅದು ‘ಈಗಲ್‌ಗಿಂತಲೂ ಮಿಗಿಲು’ ಎಂಬ ಪ್ರಶಂಸೆ. ಅಲ್ಲಿ ಹೆಚ್ಚಿದಷ್ಟೂ ಬೆಲೆ. ಇಲ್ಲಿ ಕಡಿಮೆಯಾದಷ್ಟೂ ಹಿರಿಮೆ.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಮತ್ತೊಂದು ತೊಡಕುಂಟು. ನಿಘಂಟನ್ನಷ್ಟೇ ನಂಬಿ ‘ಜೋಡಿ ಗರುಡ’ ಎಂದು ಅನುವಾದಿಸಿದರೆ ಓದುಗನ ಕಣ್ಣಿಗೆ ಗಂಡಭೇರುಂಡವೇ ಕಟ್ಟುತ್ತದೆ. 1529ರಿಂದ 1542ರವರೆಗೆ ಆಳಿದ ಅಚ್ಯುತರಾಯನ ಚಿನ್ನದ ನಾಣ್ಯಗಳ ಮೇಲೆ ಆ ಎರಡು ತಲೆಯ ಪಕ್ಷಿಯಿದೆ. ಅಮೆರಿಕದ ನಾಣ್ಯದ ಪಕ್ಷಿಗಾದರೋ ಒಂದೇ ತಲೆ. ಹೀಗೆ ಒಂದು ತಪ್ಪು ಅನುವಾದದಿಂದ ಎರಡು ನಾಡುಗಳ ಚರಿತ್ರೆ ಕಲಸಿಹೋಗುತ್ತದೆ.

ಆದ್ದರಿಂದ ಪದದ ಅರ್ಥವೇನೆಂದು ವಿದ್ಯಾರ್ಥಿಯನ್ನು ಕೇಳುವ ಮೊದಲು, ವಾಕ್ಯ ಯಾವ ವಿಷಯದ್ದೆಂದು ಕೇಳುವುದು ಉಚಿತ. ಈ ಒಂದು ಪ್ರಶ್ನೆಯ ಅಭ್ಯಾಸವಾದರೆ ನಿಘಂಟು ಅವನಿಗೆ ನೆರವಾಗುತ್ತದೆ. ಇಲ್ಲವಾದರೆ ಅದೇ ದಾರಿ ತಪ್ಪಿಸುತ್ತದೆ.