ಒಡಂಬಡಿಕೆಗೆ ಸಹಿಯಾಯಿತು, ಹಣ ಯಾರದು?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯಗಳು ಜಂಟಿ ಸಂಶೋಧನೆಗಾಗಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಡಂಬಡಿಕೆ ಮಾಡಿಕೊಂಡ ಸುದ್ದಿ ಆಗಾಗ ಓದುತ್ತೇನೆ. ಹಾಗಾದರೆ ಅವರು ನಮಗೆ ಹಣ ಕೊಡುತ್ತಾರೆಯೇ? ಕೊಟ್ಟರೆ ಅವರಿಗೇನು ಲಾಭ?

ಉತ್ತರ: ಕೇಳಬೇಕಾದದ್ದನ್ನೇ ಕೇಳಿದ್ದೀರಿ. ಇಬ್ಬರು ಕುಲಪತಿಗಳು ಕಡತ ಹಿಡಿದು ನಿಂತ ಫೋಟೊ ನೋಡಿದರೆ ಹಣದ ಮಾತೂ ಮುಗಿದಿದೆ ಎಂದು ಯಾರಿಗಾದರೂ ಅನಿಸುತ್ತದೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಒಡಂಬಡಿಕೆ ಎಂದರೆ ಕೂಡಿ ಕೆಲಸ ಮಾಡಲು ಇಬ್ಬರಿಗೂ ಮನಸ್ಸಿದೆ ಎಂಬ ಮಾತು, ಅಷ್ಟೇ. ಅದರಲ್ಲಿ ಒಂದು ರೂಪಾಯಿಯ ನಮೂದೂ ಇಲ್ಲದಿರಬಹುದು. ಇನ್ನು ಮುಂದೆ ಅಂಥ ಸುದ್ದಿ ಕಂಡರೆ, ಯಾವ ಯೋಜನೆ, ಎಷ್ಟು ವರ್ಷ, ಹಣ ಯಾರದು ಎಂಬುದು ಅದರಲ್ಲಿದೆಯೇ ನೋಡಿ. ಬಹಳ ಸಲ ಇರುವುದಿಲ್ಲ.

ಹಣ ಸಿಗುವುದು ನಿರ್ದಿಷ್ಟ ಯೋಜನೆಗೆ. ಇಲ್ಲಿನ ಒಬ್ಬ ಅಧ್ಯಾಪಕರು ಮತ್ತು ಅಲ್ಲಿನ ಒಬ್ಬರು ಸೇರಿ ಅರ್ಜಿ ಬರೆಯುತ್ತಾರೆ, ತಜ್ಞರು ಅದನ್ನು ಅಳೆದು ತೂಗುತ್ತಾರೆ. ಕೊಡುವವರು ಹೆಚ್ಚಾಗಿ ಸರ್ಕಾರಗಳು. 1987ರಲ್ಲಿ ಆರಂಭವಾದ ಭಾರತ-ಫ್ರಾನ್ಸ್ ಸಂಶೋಧನಾ ಕೇಂದ್ರಕ್ಕೆ (ಬಳಕೆಯ ಹೆಸರು ‘ಸೆಫಿಪ್ರಾ’) ಎರಡೂ ಸರ್ಕಾರಗಳು ಹಣ ಹಾಕುತ್ತವೆ. ಕೇಂದ್ರ ಸರ್ಕಾರ 2018ರಲ್ಲಿ ತಂದ ‘ಸ್ಪಾರ್ಕ್’ ಯೋಜನೆಯಲ್ಲಂತೂ ಹಣ ನಮ್ಮದೇ. ವಿದೇಶಿ ಪ್ರಾಧ್ಯಾಪಕರು ಇಲ್ಲಿ ಬಂದು ಪಾಠ ಮಾಡಲು, ನಮ್ಮ ವಿದ್ಯಾರ್ಥಿಗಳು ಅಲ್ಲಿ ಹೋಗಿ ಕೆಲಸ ಕಲಿಯಲು ಅದು ನೆರವಾಗುತ್ತದೆ. ನೀವು ಅಂದುಕೊಂಡದ್ದಕ್ಕೆ ಪೂರಾ ತಿರುವುಮುರುವು!

ಲಾಭದ ವಿಷಯಕ್ಕೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಗೆ ಹೋಗೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ಸಂಶೋಧಕರೂ ಸೇರಿ ಅಲ್ಲಿನ ಸುಮಾರು 84 ಚದರ ಕಿಲೋಮೀಟರ್ ಜಲಾನಯನ ಪ್ರದೇಶದಲ್ಲಿ ಮಳೆ, ಮಣ್ಣಿನ ತೇವ, ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಸೆಫಿಪ್ರಾ ನೆರವೂ ಇದಕ್ಕೆ ಸಿಕ್ಕಿದೆ. ಗುಂಡ್ಲುಪೇಟೆಯ ಬೋರ್‌ವೆಲ್ ಬತ್ತಿದರೆ ಫ್ರಾನ್ಸಿನವರಿಗೇನು ಎಂದು ನೀವು ಕೇಳಬಹುದು. ನಮ್ಮವರಿಗೆ ಬೇಕಾದದ್ದು ನೀರಿನ ಲೆಕ್ಕ, ಅದನ್ನು ಹಾಕುವ ವಿಧಾನ, ಹುಡುಗರಿಗೆ ತರಬೇತಿ. ಅವರಿಗೆ ಬೇಕಾದದ್ದು ಜಾಗ. ಉಪಗ್ರಹ ಆಕಾಶದಿಂದ ಅಂದಾಜು ಮಾಡಿದ ಮಣ್ಣಿನ ತೇವ ಸರಿಯೇ ಎಂದು ನೋಡಲು ಯಾರಾದರೂ ಹೊಲಕ್ಕಿಳಿದು ಅಳೆಯಲೇಬೇಕಲ್ಲ. ಸಾಲದ್ದಕ್ಕೆ, ಬಂಡೀಪುರ ಕಾಡಿನೊಳಗಿನ ಮೂಲೆಹೊಳೆಯಲ್ಲೂ ಇದೇ ಅಳತೆ ನಡೆದಿದೆ. ಒಂದು ಕಡೆ ಉಳುಮೆ ಕಾಣದ ಕಾಡು, ಪಕ್ಕದಲ್ಲೇ ಮೋಟರ್ ಹಾಕಿ ನೀರೆತ್ತುವ ಹೊಲ, ಎರಡರ ಮೇಲೂ ಮುಂಗಾರು. ಇಂಥ ಜೋಡಿ ಫ್ರಾನ್ಸಿನಲ್ಲಿ ಎಲ್ಲಿ ಸಿಗಬೇಕು?